ಬೇರು ಒಳಗೇ ಇದೆ

ಪ್ರಶ್ನೆ: ಡಾಕ್ಟರೇ, ನನಗೆ 31 ವರ್ಷ. ನೆತ್ತಿ ತೆಳ್ಳಗಾಗಿದೆ, ಹಣೆ ಮೇಲೇರುತ್ತಿದೆ. ಬಾಚಣಿಗೆಗೆ ಬರುವ ಕೂದಲಿನ ತುದಿಯಲ್ಲಿ ಬಿಳಿ ಬೇರು ಕಂಡರೆ ಎದೆ ಧಸಕ್ಕೆನ್ನುತ್ತದೆ. ತಲೆಯ ಹಿಂಭಾಗದ ನಾಲ್ಕು ಕೂದಲು ತೆಗೆದು, ಅದರ ಜೀವಕೋಶಗಳನ್ನು ಲ್ಯಾಬಿನಲ್ಲಿ ಲಕ್ಷಗಟ್ಟಲೆ ಬೆಳೆಸಿ, ಬೋಳಾದ ಕಡೆ ಚುಚ್ಚಿದರೆ ಹೊಸ ಕೂದಲು ಹುಟ್ಟುತ್ತದಂತೆ. ಅದು ಬರುವ ತನಕ ಮಾತ್ರೆ ಗೀತ್ರೆ ಇಲ್ಲದೆ ಕಾಯಲೇ?

ಉತ್ತರ: ಮೊದಲು ಆ ಬಿಳಿ ಬೇರಿನ ವಿಷಯ ಮುಗಿಸಿಬಿಡೋಣ. ಉದುರಿದ ಕೂದಲನ್ನು ಪೊಟ್ಟಣ ಕಟ್ಟಿ ಯಾರಾದರೂ ನನ್ನ ಮೇಜಿನ ಮೇಲೆ ತಂದಿಡದ ವಾರವೇ ಇಲ್ಲ. ಆ ಬಿಳಿ ಗುಂಡು ಬೇರಲ್ಲ, ಆಯಸ್ಸು ಮುಗಿದ ಕೂದಲಿನ ಒಣಗಿದ ತುದಿ. ದಿನಕ್ಕೆ 50ರಿಂದ 100 ಹೀಗೆ ಎಲ್ಲರಿಗೂ ಉದುರುತ್ತವೆ. ಬೇರು ಅನ್ನಬಹುದಾದದ್ದು ಚರ್ಮದೊಳಗೇ ಉಳಿಯುತ್ತದೆ. ಅದು ಕೂದಲಿನ ಬುಡದಲ್ಲಿ ಕೂತಿರುವ, ಸಾಸಿವೆಗಿಂತ ಎಷ್ಟೋ ಸಣ್ಣದಾದ ಜೀವಕೋಶಗಳ ಗುಂಪು, ಡರ್ಮಲ್ ಪ್ಯಾಪಿಲ್ಲಾ. ಸುತ್ತಲಿನ ಕೋಶಗಳಿಗೆ ‘ಕೂದಲು ಕಟ್ಟಿ’ ಎಂದು ಅಪ್ಪಣೆ ಕೊಡುವ ಮೇಸ್ತ್ರಿ ಅದು. ನಿಮ್ಮಂಥ ಬೋಳಿನಲ್ಲಿ ಈ ಮೇಸ್ತ್ರಿ ಸೊರಗುತ್ತಾನೆ, ಕೂದಲೂ ತೆಳ್ಳಗಾಗುತ್ತದೆ.

ನೀವು ಓದಿದ್ದು ಸುಳ್ಳಲ್ಲ. ವಿಜ್ಞಾನಿ ಕಾಲಿನ್ ಜಹೋಡಾ ಮತ್ತು ಸಂಗಡಿಗರು 1984ರಲ್ಲೇ ಇಲಿ ಮೀಸೆಯ ಪ್ಯಾಪಿಲ್ಲಾ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಬುಡ ಕತ್ತರಿಸಿದ ಮೀಸೆಗೂಡುಗಳಲ್ಲಿಟ್ಟು ಮತ್ತೆ ಮೀಸೆ ಬೆಳೆಸಿದ್ದರು. 1999ರಲ್ಲಿ ಅದೇ ತಂಡ ಗಂಡಸಿನ ತಲೆಯ ಕೂದಲಬುಡದ ಚೂರನ್ನು ಹೆಂಗಸಿನ ಮುಂಗೈಯಲ್ಲಿಟ್ಟಿತು. ಅಲ್ಲೂ ದಪ್ಪ ಕೂದಲು ಬಂತು! ಆದರೆ ಅದು ಲ್ಯಾಬಿನಲ್ಲಿ ಬೆಳೆಸಿದ್ದಲ್ಲ, ತಾಜಾ ಚೂರು.

ತೊಡಕಿರುವುದು ಅಲ್ಲೇ. ಮನುಷ್ಯನ ಪ್ಯಾಪಿಲ್ಲಾ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಹರಡಿ ಬೆಳೆಸಿದರೆ ಸಂಖ್ಯೆ ಏರುತ್ತದೆ, ಕಸುಬು ಮರೆತುಹೋಗುತ್ತದೆ. 2013ರಲ್ಲಿ ಇಂಗ್ಲೆಂಡಿನ ಡರ್ಹಮ್ ಮತ್ತು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಗಳವರು ಒಂದು ಉಪಾಯ ಮಾಡಿದರು. ಮುಚ್ಚಳಕ್ಕೆ ತಲೆಕೆಳಗಾಗಿ ನೇತಾಡುವ ಹನಿಯೊಳಗೆ ಕೋಶಗಳನ್ನು ಬಿಟ್ಟರು. ಹನಿಯಡಿಯಲ್ಲಿ ಅವು ಉಂಡೆಗಟ್ಟಿದವು, ಮರೆತ ಕಸುಬು ಅಷ್ಟಿಷ್ಟು ನೆನಪಾಯಿತು. ಏಳು ಜನರಿಂದ ತೆಗೆದ ಕೋಶಗಳಲ್ಲಿ ಐವರದು ಹೊಸ ಕೂದಲು ಹುಟ್ಟಿಸಿದವು. ಹುಟ್ಟಿದ್ದು ಇಲಿಯ ಬೆನ್ನಿಗೆ ಕಸಿ ಮಾಡಿದ ಮನುಷ್ಯ ಚರ್ಮದಲ್ಲಿ, ಯಾರ ತಲೆಯಲ್ಲೂ ಅಲ್ಲ. ಸರಿಯಾದ ದಿಕ್ಕು, ಬಣ್ಣ, ಉದುರಿದ ಮೇಲೆ ಮತ್ತೆ ಹುಟ್ಟುವ ಗುಣ, ಇವೆಲ್ಲ ಬೇರೆಯೇ ತಲೆನೋವು. ಜಪಾನಿನಲ್ಲಿ ಬುಡದ ಸುತ್ತಲ ಪೊರೆಯ ಕೋಶಗಳನ್ನು ರೋಗಿಗಳ ತಲೆಗೇ ಚುಚ್ಚಿ ನೋಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ದಟ್ಟಣೆ ಏರಿತು, ಆದರೆ ತುಸು ಮಾತ್ರ.

ಕಾಯಬೇಡಿ. ‘ಇನ್ನೈದು ವರ್ಷದಲ್ಲಿ ಬರುತ್ತೆ’ ಅಂದುಕೊಂಡು 29ರ ಹರೆಯದಲ್ಲಿ ನಾನೂ ಕಾದೆ. ಕೂದಲು ನನಗಾಗಿ ಕಾಯಲಿಲ್ಲ. ಈಗ ನನ್ನ ತಲೆ ನೋಡಿದ ರೋಗಿಗಳು ಮಾತ್ರೆ ಚೀಟಿಯನ್ನು ಅನುಮಾನದಿಂದಲೇ ತೆಗೆದುಕೊಳ್ಳುತ್ತಾರೆ. ತಲೆಗೆ ಹಚ್ಚುವ ಮಿನಾಕ್ಸಿಡಿಲ್, ನುಂಗುವ ಫಿನಾಸ್ಟರೈಡ್ ಎರಡೂ ಇರುವ ಕೂದಲನ್ನು ಉಳಿಸಲು ಒಳ್ಳೆಯವು. ಎರಡನೆಯದು ಕೆಲವರಿಗೆ ಲೈಂಗಿಕ ತೊಂದರೆ ತರಬಹುದು, ಆದ್ದರಿಂದ ಚರ್ಮವೈದ್ಯರ ಹತ್ತಿರ ಸಂಕೋಚ ಬಿಟ್ಟು ಕೇಳಿಯೇ ಶುರುಮಾಡಿ. ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ ಚುಚ್ಚುವ ಪಿಆರ್‌ಪಿಗೆ ಯಾರಾದರೂ ‘ಸ್ಟೆಮ್ ಸೆಲ್’ ಎಂದು ಬೋರ್ಡು ಹಾಕಿದ್ದರೆ, ನೀವು ಓದಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ.

ಮೂರು ತಿಂಗಳಿಗೊಮ್ಮೆ ಅದೇ ಜಾಗ, ಅದೇ ಬೆಳಕಿನಲ್ಲಿ ನೆತ್ತಿಯ ಫೋಟೊ ತೆಗೆಸಿ. ಆರು ತಿಂಗಳಾದ ಮೇಲೆ ನನಗೂ ಕಳಿಸಿ. ಪೊಟ್ಟಣ ಮಾತ್ರ ಬೇಡ.