ಮ್ಯೂನಿಕ್‌ನಿಂದ ಒಂದು ಶನಿವಾರದ ಕಾಲ್ನಡಿಗೆ
ನಮಸ್ಕಾರ. ಮ್ಯೂನಿಕ್‌ನಲ್ಲಿ ವಾರಕ್ಕೆ ಐದು ದಿನ ಕೆಲಸವಿರುವಾಗ, ರಜೆ ಹಾಕದೆ, ಕಡಿಮೆ ಖರ್ಚಿನಲ್ಲಿ ನಡೆದೇ ನೋಡಬಹುದಾದ ಊರು ಯಾವುದೆಂದು ಕೇಳಿದ್ದೀರಿ. ಮೊದಲು ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ಗೆ ಹೋಗಿ ಬನ್ನಿ. ಕಚೇರಿಗೆ ಓಡಾಡಲು ನೀವು ಡಾಯ್ಚ್‌ಲಾಂಡ್ ಟಿಕೆಟ್ (ಜರ್ಮನಿಯಾದ್ಯಂತ ಸ್ಥಳೀಯ ಮತ್ತು ಪ್ರಾದೇಶಿಕ ಸಾರಿಗೆಯಲ್ಲಿ ನಡೆಯುವ ತಿಂಗಳ ಪಾಸು) ಇಟ್ಟುಕೊಂಡಿದ್ದರೆ, ಅದು ಗಡಿಯಾಚೆಗಿನ ಸಾಲ್ಜ್‌ಬರ್ಗ್ ಮುಖ್ಯ ನಿಲ್ದಾಣದವರೆಗೂ ನಡೆಯುವುದರಿಂದ ರೈಲಿಗೆ ಬೇರೆ ಖರ್ಚಿಲ್ಲ. ಆದರೆ ಪ್ರಾದೇಶಿಕ ರೈಲನ್ನೇ ಹತ್ತಬೇಕು, ವೇಗದ ರೈಲುಗಳಲ್ಲಿ ಅದು ಸಲ್ಲದು. ಪ್ರಯಾಣ ಸುಮಾರು ಎರಡು ಗಂಟೆ.

ನಿಲ್ದಾಣದಿಂದ ಮಿರಾಬೆಲ್ ಉದ್ಯಾನಕ್ಕೆ ನಡೆದು, ಸಾಲ್ಜಾಖ್ ನದಿಯನ್ನು ದಾಟಿದರೆ ಗೆಟ್ರೈಡೆಗಾಸ್ಸೆ ಎಂಬ ಹಳೆಯ ಬೀದಿ ಸಿಗುತ್ತದೆ. 1756ರಲ್ಲಿ ಮೊಜಾರ್ಟ್ ಹುಟ್ಟಿದ 9ನೇ ಸಂಖ್ಯೆಯ ಮನೆ ಅಲ್ಲೇ ಇದೆ. ಹೊರಗಿನಿಂದ ನೋಡಿದರೂ ನಷ್ಟವಿಲ್ಲವೆಂಬುದು ನನ್ನ ಅಭಿಪ್ರಾಯ, ಸಂಗೀತಾಸಕ್ತರು ಒಪ್ಪಲಿಕ್ಕಿಲ್ಲ. ಉಳಿಸಿದ ಸಮಯವನ್ನು ಮಾಂಖ್ಸ್‌ಬರ್ಗ್ ಗುಡ್ಡಕ್ಕೆ ಕೊಡಿ: ಮೆಟ್ಟಿಲು ಹತ್ತಿ ಮರಗಳ ನಡುವಿನ ದಾರಿಯಲ್ಲಿ ಕೋಟೆಯತ್ತ ಸಾಗುವಾಗ, 1996ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಹಳೆಯ ಪಟ್ಟಣವಿಡೀ ಕಾಲಡಿಯಲ್ಲಿ ಹರಡಿಕೊಳ್ಳುತ್ತದೆ, ಅದಕ್ಕೆ ಟಿಕೆಟ್ಟೂ ಬೇಕಿಲ್ಲ.

ಶನಿವಾರವೇ ಹೋಗಿ, ಏಕೆಂದರೆ ಭಾನುವಾರ ಹೆಚ್ಚಿನ ದಿನಸಿ ಅಂಗಡಿಗಳು ಮುಚ್ಚಿರುವುದರಿಂದ ಊಟಕ್ಕೆ ಹೋಟೆಲೇ ಗತಿಯಾಗುತ್ತದೆ. ಬುತ್ತಿ ಕಟ್ಟಿಕೊಂಡರಂತೂ ಆ ಚಿಂತೆಯೇ ಇಲ್ಲ. ಮರಳುವಾಗ ಗಡಿಯಲ್ಲಿ ತಪಾಸಣೆ ನಡೆಯುವುದುಂಟು, ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ಜೊತೆಗಿರಲಿ.