ಕೈಕೆಲಸ – ಪ್ರಶ್ನೋತ್ತರ: ಮಾವನ ಎಸಿ, ಅಳಿಯನ ಡಿಸಿ

ಪ್ರಶ್ನೆ: ಸರ್, ಡೊಂಬಿವಲಿಯಲ್ಲಿ ನಮ್ಮದು ನೆಲಮಹಡಿಯ ಮನೆ. ರಿಟೈರ್ ಆದ ಮೇಲೆ ವೆಲ್ಡಿಂಗ್ ಕಲಿಯುವ ಹುಚ್ಚು ಹಿಡಿದಿದೆ. ಹೂಕುಂಡದ ಸ್ಟ್ಯಾಂಡು, ಕಿಟಕಿಯ ಗ್ರಿಲ್ಲು, ಇಷ್ಟೇ ಕೆಲಸ. ಗುಜರಿಯವನ ಹತ್ತಿರ ಹಳೇ ಎಸಿ ವೆಲ್ಡಿಂಗ್ ಮೆಷಿನ್ ಅಗ್ಗಕ್ಕೆ ಸಿಗುತ್ತಿದೆ. ಅಳಿಯ ‘ಡಿಸಿ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ತಗೊಳ್ಳಿ ಮಾವ’ ಅನ್ನುತ್ತಾನೆ. ಗೆಳೆಯನ ಎಸಿ ಮೆಷಿನ್‌ನಲ್ಲಿ ಕೈಯಾಡಿಸಿ ನೋಡಿದೆ. ಒಂದೋ ರಾಡ್ ಅಂಟಿಕೊಳ್ಳುತ್ತಿತ್ತು, ಇಲ್ಲವೇ ಪೈಪು ತೂತು. ಯಾವುದು ತಗೊಳ್ಳಲಿ?

ಉತ್ತರ: ಅಳಿಯನ ಮಾತು ಕೇಳಿ. ಮಾವಂದಿರಿಗೆ ಇದು ಕಷ್ಟ, ನಾನೂ ಮಾವನೇ.

ನಾನು ಕೆಲಸ ಕಲಿತದ್ದು ಪುಣೆಯ ಭೋಸರಿಯ ಶೆಡ್ಡೊಂದರಲ್ಲಿ, ಎಸಿ ಮೆಷಿನ್ನಿನ ಮೇಲೆಯೇ. ಗಟ್ಟಿ ಜೀವ ಅದು. ಒಳಗೆ ಕಬ್ಬಿಣಕ್ಕೆ ಸುತ್ತಿದ ತಂತಿ ಬಿಟ್ಟರೆ ಕೆಡುವಂಥದ್ದು ಏನಿದೆ? ಆದರೆ ಒಮ್ಮೆ ಗಣಪತಿ ಮಂಟಪದ ಚೌಕಟ್ಟು ಮಾಡೋಣವೆಂದು ಅದನ್ನು ನಮ್ಮ ಚಾಳಿಗೆ ತಂದೆ. ಹೊತ್ತು ತರಲು ಇಬ್ಬರು ಬೇಕಾಯಿತು. ರಾಡ್ ತಾಗಿಸಿದ ಕೂಡಲೇ ಸಾಲುಮನೆಗಳ ಟ್ಯೂಬ್‌ಲೈಟೆಲ್ಲ ಮಂಕು. ಮೂರನೇ ರಾಡಿಗೆ ಫ್ಯೂಸ್ ಹೋಯಿತು. ಗಣಪತಿಗಿಂತ ಮೊದಲು ಪಕ್ಕದ ಮನೆಯ ಆಜಿ ನನಗೇ ಮಂಗಳಾರತಿ ಮಾಡಿದಳು, ಮರಾಠಿಯಲ್ಲಿ.

ಲೆಕ್ಕ ನೋಡಿ. ರಾಡ್ ತಾಗಿಸುವ ಮುಂಚೆ, ಅದನ್ನು ಹಿಡಿಯುವ ಹೋಲ್ಡರಿನಲ್ಲಿ 70 ವೋಲ್ಟ್ ಇದೆ ಅಂದುಕೊಳ್ಳಿ. ವೆಲ್ಡ್ ಮಾಡುವುದು 80 ಆಂಪಿಯರ್‌ನಲ್ಲಿ. 80ನ್ನು 70ರಿಂದ ಗುಣಿಸಿ, ಮನೆಯ ಕರೆಂಟಿನ 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 24. ಟ್ರಾನ್ಸ್‌ಫಾರ್ಮರ್ ಮೆಷಿನ್, ಅಂದರೆ ಆ ಹಳೇ ಎಸಿ ಮೆಷಿನ್, ಮನೆಯ ಲೈನಿನಿಂದ ಅಷ್ಟು ಆಂಪಿಯರ್ ಎಳೆಯುತ್ತದೆ. ನಿಮ್ಮ ಗೀಸರಿನ ಸಾಕೆಟ್ 16 ಆಂಪಿಯರ್‌ದು. ಅದೇ ಕೆಲಸಕ್ಕೆ ಇನ್ವರ್ಟರ್ ಸಾಮಾನ್ಯವಾಗಿ ಆ 16ರ ಒಳಗೇ ಮುಗಿಸುತ್ತದೆ.

ಇನ್ನು ರಾಡ್ ಅಂಟುವ ವಿಷಯ. ನಮ್ಮ ಕರೆಂಟು 50 ಹರ್ಟ್ಸ್‌ನದು. ಅಂದರೆ ಎಸಿಯಲ್ಲಿ ಅದು ದಿಕ್ಕು ಬದಲಿಸುತ್ತಾ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತದೆ, ಅಷ್ಟೂ ಸಲ ಆರ್ಕ್ (ರಾಡಿನ ತುದಿಯಲ್ಲಿ ಉರಿಯುವ ಕಿಡಿ) ಮತ್ತೆ ಹತ್ತಿಕೊಳ್ಳಬೇಕು. ಪಳಗಿದ ಕೈಗೆ ಇದು ಗೊತ್ತೇ ಆಗುವುದಿಲ್ಲ, ಹೊಸಬರನ್ನು ಕಾಡುತ್ತದೆ. ಡಿಸಿಯಲ್ಲಿ ಕರೆಂಟು ಒಂದೇ ದಿಕ್ಕಿಗೆ ಹರಿಯುವುದರಿಂದ ಈ ತಂಟೆ ಇಲ್ಲ. ಸದ್ದು ಹದವಾದ ಎಣ್ಣೆಗೆ ಬಜ್ಜಿ ಬಿಟ್ಟ ಹಾಗಿದ್ದರೆ ಕೈ ಸರಿಯಾಗಿದೆ ಅಂತ. ಚಟಪಟ ಜಾಸ್ತಿಯಾದರೆ ರಾಡ್ ದೂರ ಹೋಗಿದೆ.

ತೂತಿನ ತಪ್ಪು ಪೂರ್ತಿ ಮೆಷಿನ್‌ದಲ್ಲ. ಗ್ರಿಲ್ಲಿನ 16 ಗೇಜ್ ಚೌಕ ಪೈಪಿನ ದಪ್ಪವೇ 1.6 ಮಿ.ಮೀ. ಅದಕ್ಕೆ 2.5 ಮಿ.ಮೀ.ನ 6013 ನಂಬರಿನ ರಾಡ್, 60 ಆಂಪಿಯರ್ ಆಸುಪಾಸು ಸಾಕು. ಹೋಲ್ಡರಿನ ಕೇಬಲ್ ಮೈನಸ್‌ಗೆ ಹಾಕಿ, ಕಬ್ಬಿಣಕ್ಕೆ ಕಚ್ಚಿಸುವ ಅರ್ಥಿಂಗ್ ಕ್ಲ್ಯಾಂಪಿನ ಕೇಬಲ್ ಪ್ಲಸ್‌ಗೆ. ಆಗ ವೆಲ್ಡ್ ಆಳಕ್ಕೆ ಇಳಿಯುವುದು ಕಡಿಮೆ. ದಪ್ಪ ಆಂಗಲ್ ಸಿಕ್ಕರೆ ಎರಡನ್ನೂ ಅದಲುಬದಲು ಮಾಡಿ. ಎಸಿಯಲ್ಲಿ ಈ ಆಟವೇ ಇಲ್ಲ, ಅಲ್ವಾ? ಪೈಪಿನ ಮೇಲೆ ಒಂದೇ ಎಳೆತಕ್ಕೆ ಗೆರೆ ಎಳೆಯಬೇಡಿ. ಟ್ಯಾಕ್, ಅಂದರೆ ಒಂದು ಚುಕ್ಕೆಯಷ್ಟು ವೆಲ್ಡ್ ಹಾಕಿ, ಕೆಂಪು ಆರುವ ತನಕ ಬಿಡಿ, ಪಕ್ಕದಲ್ಲಿ ಇನ್ನೊಂದು ಹಾಕಿ.

ಡಿಸಿಗೂ ಒಂದು ಕೆಟ್ಟ ಚಾಳಿ ಇದೆ. ದಪ್ಪ ಕಬ್ಬಿಣದ ಮೂಲೆಗೆ ಬಂದಾಗ ಆರ್ಕ್ ಗಾಳಿಗೆ ಸಿಕ್ಕ ದೀಪದ ಕುಡಿಯಂತೆ ವಾಲುತ್ತದೆ. ಕರೆಂಟು ಹರಿದು ಹುಟ್ಟುವ ಕಾಂತಶಕ್ತಿಯ ಕೆಲಸ ಅದು. ಕ್ಲ್ಯಾಂಪಿನ ಜಾಗ ಬದಲಿಸಿ, ರಾಡ್ ಹತ್ತಿರ ಹಿಡಿಯಿರಿ. ಗ್ರಿಲ್ಲಿನಲ್ಲಿ ಇದು ಕಾಡುವುದು ಅಪರೂಪ. ಮತ್ತೆ, ಗ್ರೈಂಡರ್ ಹಿಡಿದಾಗ ಇನ್ವರ್ಟರ್ ದೂರ ಇಡಿ. ಅದರ ಫ್ಯಾನು ಕಬ್ಬಿಣದ ಪುಡಿ ಒಳಗೆಳೆದುಕೊಂಡರೆ ಬೋರ್ಡೇ ಹೋದೀತು.

ಪ್ರಶ್ನೆ: ನಾವು ವಾಸ್ಕೋದಲ್ಲಿದ್ದೇವೆ. ಮಳೆಗಾಲದಲ್ಲಿ ರಾಡ್ ಸಿಡಿಯುತ್ತದೆ, ವೆಲ್ಡ್ ತುಂಬ ಸಣ್ಣ ತೂತು. ಮೆಷಿನ್ ಕೆಟ್ಟಿತೇ?

ಉತ್ತರ: ಮೆಷಿನ್ ಅಲ್ಲ, ರಾಡಿನ ಮೇಲಿನ ಲೇಪ ನೀರು ಕುಡಿದಿದೆ. 6013 ಆದರೆ 100 ಡಿಗ್ರಿ ಚಿಲ್ಲರೆ ಶಾಖದಲ್ಲಿ ಒಂದು ಗಂಟೆ ಒಣಗಿಸಿ. ಅಡುಗೆಮನೆಯ ಓವನ್ ಮಾತ್ರ ಬೇಡ, ಅಲ್ಲಿ ಕೇಕ್ ಬೇಯಿಸಬೇಕು. ಆಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಗೋವಾದ ಜುಲೈ ತಿಂಗಳಲ್ಲಿ ಒದ್ದೆ ನೆಲದ ಮೇಲೆ ನಿಂತು, ಒದ್ದೆ ಗ್ಲೌಸ್ ಹಾಕಿ ವೆಲ್ಡ್ ಮಾಡಬೇಡಿ. ನಿಮ್ಮದು ಎಸಿ ಮೆಷಿನ್ ಆಗಿದ್ದರಂತೂ ಖಂಡಿತ ಬೇಡ, ಅದರ ಶಾಕ್ ಡಿಸಿಗಿಂತ ಅಪಾಯ. ಕಾಲ ಕೆಳಗೆ ಒಣ ಹಲಗೆ ಹಾಕಿಕೊಳ್ಳಿ.