ಅತ್ತೆಯವರನ್ನು ಮೊದಲ ಪುಟಕ್ಕೆ ತನ್ನಿ

ನಮಸ್ಕಾರ,

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ರಿನೈಸಾನ್ಸ್ ಫೆಸ್ಟಿವಲ್‌ಗೆ (ರಾಜರ ಕಾಲದ ಹಳೇ ಇಂಗ್ಲೆಂಡನ್ನು ವೇಷ, ಆಟ, ಅಂಗಡಿಗಳಲ್ಲಿ ಕಟ್ಟಿ ತೋರಿಸುವ ಮೇಳ) ಯಜಮಾನರು, ಇಬ್ಬರು ಮಕ್ಕಳು, ಊರಿಂದ ಬಂದಿದ್ದ ಅತ್ತೆ ಎಲ್ಲರನ್ನೂ ಕರೆದುಕೊಂಡು ಹೋಗಿಬಂದ ಬಗ್ಗೆ ನೀವು ಕಳಿಸಿದ ಬರಹ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಬಿಟ್ಟುಕೊಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ಪುಟ ಬರೀ ಹೊರಡುವ ತಯಾರಿ, ಹೈವೇ, ಪಾರ್ಕಿಂಗ್. ಅಷ್ಟನ್ನೂ ತೆಗೆದುಹಾಕಿ. ಗೇಟಿನ ಒಳಗೆ ಹೋದಮೇಲಾದರೂ ಏನಾದರೂ ಕಾಣುತ್ತದೆ ಅಂದುಕೊಂಡರೆ 'ಮನಮೋಹಕ ಲೋಕ', 'ಕಣ್ಮನ ತಣಿಸುವ ವೇಷಭೂಷಣ' ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಯಾರ ವೇಷ? ಸೆಪ್ಟೆಂಬರ್ ಬಿಸಿಲಲ್ಲಿ ದಪ್ಪ ವೆಲ್ವೆಟ್ ತೊಟ್ಟು ಬೆವರುವ ಆಸ್ಥಾನದವರದ್ದಾ, ಬೆನ್ನಿಗೆ ರೆಕ್ಕೆ ಕಟ್ಟಿಕೊಂಡ ಹುಡುಗಿಯರದ್ದಾ, ಕಡಲ್ಗಳ್ಳರದ್ದಾ? ಅಲ್ಲಿ ಇವರೆಲ್ಲ ಇರುತ್ತಾರೆ, ಟಿಕೆಟ್ ಕೊಂಡು ಬಂದ ಜನರೇ ಅರ್ಧಕ್ಕರ್ಧ ವೇಷ ಹಾಕಿಕೊಂಡು ಬಂದಿರುತ್ತಾರೆ, ನಟರು ಯಾರು ನೋಡಲು ಬಂದವರು ಯಾರು ಅಂತ ಗೊತ್ತಾಗದೇ ಇರುವುದೇ ಆ ಜಾಗದ ಮಜಾ. ಇದನ್ನು ನೋಡದ ಓದುಗರಿಗೆ 'ಮನಮೋಹಕ' ಅಂದರೆ ಏನೂ ತಲುಪುವುದಿಲ್ಲ.

ಇನ್ನು ದೊಡ್ಡ ತಪ್ಪಿನ ವಿಷಯ. 'ಐನೂರು ವರ್ಷಗಳಿಂದ ನಡೆದುಬಂದ ಮೇಳ' ಎಂದಿದ್ದೀರಿ. ಅಲ್ಲ. ಈ ಬಗೆಯ ಮೇಳ ಶುರುವಾಗಿದ್ದೇ 1963ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಫಿಲಿಸ್ ಪ್ಯಾಟರ್ಸನ್ ಅನ್ನುವ ಶಿಕ್ಷಕಿ ತಮ್ಮ ಮನೆಯ ಹಿತ್ತಲಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದರು, ಅವರು ಮತ್ತು ಅವರ ಗಂಡ ರಾನ್ ಸೇರಿ ಕೆಪಿಎಫ್‌ಕೆ ಎಂಬ ರೇಡಿಯೊ ಕೇಂದ್ರಕ್ಕೆ ಹಣ ಕೂಡಿಸಲು ಒಂದು ವಾರಾಂತ್ಯ ಹಳೇ ಇಂಗ್ಲೆಂಡಿನ ಸಂತೆ ಕಟ್ಟಿದರು. ಅದನ್ನು ನೋಡಿ ಬೇರೆ ಊರುಗಳಲ್ಲೂ ಹುಟ್ಟಿಕೊಂಡವು: ಮಿನ್ನೆಸೋಟದಲ್ಲಿ 1971, ಟೆಕ್ಸಾಸ್‌ನಲ್ಲಿ 1974. ನೀವು ಹೋಗಿದ್ದು 1977ರಲ್ಲಿ ಶುರುವಾಗಿ 1985ರಿಂದ ಕ್ರೌನ್ಸ್‌ವಿಲ್‌ನಲ್ಲಿ ನಡೆಯುತ್ತಿರುವ ಮೇಳ.

ಈ ತಪ್ಪಿನ ಮೇಲೇ ನಿಮ್ಮ ಕೊನೆಯ ಪ್ಯಾರಾ ನಿಂತಿದೆ: 'ಅವರು ತಮ್ಮ ಸಂಸ್ಕೃತಿ ಉಳಿಸಿಕೊಂಡಿದ್ದಾರೆ, ನಾವು ಮರೆತಿದ್ದೇವೆ.' ಇದು ನನಗೆ ನಿಜವಾಗಿ ಬೇಸರ ತಂದಿತು, ಯಾಕೆಂದರೆ ಸಂಗತಿ ಹೆಚ್ಚುಕಮ್ಮಿ ಉಲ್ಟಾ ಇದೆ. ನಿಮ್ಮ ಮೇಳದಲ್ಲಿ ರಾಜನಾಗಿ ಬರುವ ಇಂಗ್ಲೆಂಡಿನ ಎಂಟನೇ ಹೆನ್ರಿ ಪಟ್ಟಕ್ಕೆ ಬಂದಿದ್ದು 1509ರಲ್ಲಿ. ಕೃಷ್ಣದೇವರಾಯ ಪಟ್ಟಕ್ಕೆ ಬಂದಿದ್ದೂ ಅದೇ ವರ್ಷ! ವಿಜಯನಗರದ ಮಹಾನವಮಿಯನ್ನು ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ಕಣ್ಣಾರೆ ನೋಡಿ ಬರೆದಿಟ್ಟಿದ್ದಾನೆ: ಆನೆ, ಕುದುರೆ, ಕುಸ್ತಿ, ಬಾಣಬಿರುಸು ಎಲ್ಲಾ ಇತ್ತು. ಅದೇ ಹಬ್ಬವನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು, ಅಲ್ಲಿಂದ ಮೈಸೂರಿಗೆ ಬಂತು, ಈಗಲೂ ನಡೆಯುತ್ತಿದೆ. ಹೆನ್ರಿ ಮೇರಿಲ್ಯಾಂಡಿಗೆ ಕಾಲಿಟ್ಟವನೇ ಅಲ್ಲ. ಅವರದು ಇಷ್ಟಪಟ್ಟು ಕಟ್ಟಿಕೊಂಡ ಆಟ. ಆಟ ಅಂದರೆ ಕೀಳು ಅಂತಲ್ಲ, ದೊಡ್ಡವರೂ ನಾಚಿಕೆಯಿಲ್ಲದೆ ಆಡಬಹುದಾದ ಒಂದು ಜಾಗವನ್ನು ಅವರು ಮಾಡಿಕೊಂಡಿದ್ದಾರೆ, ಅದು ನನಗೆ ತುಂಬಾ ಇಷ್ಟವಾಗುವ ವಿಷಯ. ನೀವು ಬರೆಯಬೇಕಾದ್ದು ಅದನ್ನು.

ಮತ್ತೆ ಅದಕ್ಕೆ ಬೇಕಾದ್ದೆಲ್ಲ ನಿಮ್ಮ ಹತ್ತಿರ ಇದೆ! ನಾಲ್ಕನೇ ಪುಟದಲ್ಲಿ, ಜೌಸ್ಟ್ ನೋಡುವಾಗ. ಕಬ್ಬಿಣದ ಕವಚ ತೊಟ್ಟ ಇಬ್ಬರು ಸವಾರರು ಉದ್ದದ ಈಟಿ ಹಿಡಿದು ಒಬ್ಬರ ಮೇಲೊಬ್ಬರು ನುಗ್ಗುತ್ತಿದ್ದಾರೆ, ಸುತ್ತ ಜನ ಕಿರುಚುತ್ತಿದ್ದಾರೆ, ನಿಮ್ಮ ಮಗ ಮರದ ಕತ್ತಿ ಹಿಡಿದು ಬೆಂಚಿನ ಮೇಲೆ ಹತ್ತಿ ನಿಂತಿದ್ದಾನೆ. ಆಗ ಅತ್ತೆ ಹೇಳುತ್ತಾರೆ: 'ಪಾಪ, ಆ ಕುದುರೆಗೆ ಯಾರಾದ್ರೂ ನೀರು ಕೊಟ್ರಾ?' ಎಂಥಾ ಮಾತು! ಇಡೀ ಬರಹದಲ್ಲಿ ಒಬ್ಬ ಮನುಷ್ಯರ ದನಿ ಕೇಳಿಸಿದ್ದು ಅಲ್ಲೇ. ನೀವೋ ಮುಂದಿನ ಸಾಲಲ್ಲೇ ಟಿಕೆಟ್ ದರಕ್ಕೆ ಹೋಗಿಬಿಟ್ಟಿರಿ. ಯಾಕೆ? ಆಮೇಲೆ ಅವರು ಏನು ಮಾಡಿದರು? ಮಗ ಏನಂದ? ಅಲ್ಲಿ ನಿಲ್ಲಿ, ಒಂದು ಪುಟ ಪೂರ್ತಿ ನಿಲ್ಲಿ. ಮೇರಿಲ್ಯಾಂಡ್ 1962ರಲ್ಲೇ ಜೌಸ್ಟನ್ನು ರಾಜ್ಯದ ಅಧಿಕೃತ ಕ್ರೀಡೆ ಅಂತ ಮಾಡಿಕೊಂಡಿದೆ, ಅಲ್ಲಿನ ಹಳ್ಳಿ ಕಡೆಯ ಸ್ಪರ್ಧೆಗಳಲ್ಲಿ ಓಡುವ ಕುದುರೆ ಮೇಲಿಂದ ಈಟಿಯ ತುದಿಗೆ ಸಣ್ಣ ಬಳೆಗಳನ್ನು ಸಿಕ್ಕಿಸಿಕೊಳ್ಳುತ್ತಾರೆ. ಇತಿಹಾಸ ಹಾಕಲೇಬೇಕು ಅನ್ನಿಸಿದರೆ ಇಂಥದ್ದನ್ನು ಆ ಜಾಗದಲ್ಲೇ ಒಂದು ಸಾಲು ಹಾಕಿ, ಸಾಕು.

ಊಟದ ಭಾಗವೂ ಚೆನ್ನಾಗಿ ಆಗಬಹುದು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಅಂತ ನೀವೆಲ್ಲ ಪಾರ್ಕಿಂಗ್ ಹುಲ್ಲಿನ ಮೇಲೆ ಕೂತು ಚಪಾತಿ, ಮಾವಿನಕಾಯಿ ಉಪ್ಪಿನಕಾಯಿ ತಿಂದಿರಿ, ಆಮೇಲೆ ಒಳಗೆ ಮಗ ಟರ್ಕಿ ಕೋಳಿಯ ಕಾಲು ಕೇಳಿ ಹಟ ಮಾಡಿದ, ಕೊನೆಗೆ ಫ್ರೆಂಚ್ ಫ್ರೈಸ್ ಕೊಡಿಸಿ ಸಮಾಧಾನ ಮಾಡಿದಿರಿ. 'ರಾಜ ಇದನ್ನೇ ತಿಂತಿದ್ನಾ?' ಅಂತ ಮಗ ಕೇಳಿದ್ದಕ್ಕೆ ನಿಮ್ಮಲ್ಲಿ ಉತ್ತರ ಇಲ್ಲ. ಉತ್ತರ ಇದೆ: ಹೆನ್ರಿ ಬದುಕಿರುವವರೆಗೆ ಇಂಗ್ಲೆಂಡಿಗೆ ಆಲೂಗಡ್ಡೆ ಬಂದಿರಲಿಲ್ಲ. ಟರ್ಕಿಯೇನೋ ಬಂದಿತ್ತು, ಅದೂ ಅಮೆರಿಕದಿಂದ ಹೋದ ಹೊಸ ಹಕ್ಕಿ. ಅಷ್ಟೇ ಅಲ್ಲ, ಅತ್ತೆಯ ಉಪ್ಪಿನಕಾಯಿಯ ಮೆಣಸಿನಕಾಯಿ ಕೂಡ ಅದೇ ಕಾಲದಲ್ಲಿ ಅದೇ ಖಂಡದಿಂದ ಹೊರಟು ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆ ಬಂದದ್ದು. ಆ ಹುಲ್ಲಿನ ಮೇಲೆ ಕೂತು ತಿಂದ ಊಟಕ್ಕೆ ಮೇಳದ ಒಳಗಿನ ಅಂಗಡಿಗಳಷ್ಟೇ ಸಂಬಂಧ ಆ ಕಾಲದ ಜೊತೆ ಇತ್ತು, ಅಲ್ವಾ? ಇದು ಬರಲಿ.

ಖರ್ಚನ್ನು ಮುಚ್ಚಿಡಬೇಡಿ. 'ಸ್ವಲ್ಪ ದುಬಾರಿ' ಅಂತ ಸುಮ್ನೆ ತೇಲಿಸಿದ್ದೀರಿ. ಐದು ಜನರ ಟಿಕೆಟ್, ಮಗಳ ರೆಕ್ಕೆ, ಮಗನ ಕತ್ತಿ ಎಲ್ಲಾ ಸೇರಿ ಎಷ್ಟಾಯಿತು ಅಂತ ಬರೆಯಿರಿ. ಅದನ್ನು ಅತ್ತೆ ರೂಪಾಯಿಗೆ ಲೆಕ್ಕ ಹಾಕಿಯೇ ಇರುತ್ತಾರೆ, ಆಗ ಅವರು ಏನಂದರು ಅನ್ನುವುದೂ ಬೇಕು. ಯಜಮಾನರು ಬರಹದುದ್ದಕ್ಕೂ ಕಾರು ಓಡಿಸುವುದು ಬಿಟ್ಟು ಏನೂ ಮಾಡುವುದಿಲ್ಲ, ಅವರಿಗೂ ಏನಾದರೂ ಅನ್ನಿಸಿರಬೇಕು.

ಜೌಸ್ಟ್‌ನಿಂದಲೇ ಶುರು ಮಾಡಿ, ಸಾವಿರ ಪದದೊಳಗೆ ಮುಗಿಸಿ. ಅತ್ತೆಯವರನ್ನು ಫೋನಿನಲ್ಲಿ ಹಿಡಿದು ಇನ್ನೊಮ್ಮೆ ಕೇಳಿ, ಊರಿಗೆ ಹೋದಮೇಲೆ ಅಕ್ಕತಂಗಿಯರಿಗೆ ಈ ಮೇಳದ ಬಗ್ಗೆ ಏನಂತ ಹೇಳಿದರು ಅಂತ. ಅವರು ಹೇಳಿದ್ದನ್ನು ತಿದ್ದದೆ ಅವರ ಮಾತಲ್ಲೇ ಹಾಕಿ. ಫೋಟೊ ಎರಡು ಸಾಕು, ಬೇರೆಯವರ ಮಕ್ಕಳ ಮುಖ ಕಾಣುವಂಥದ್ದು ಬೇಡ. ದಸರಾ ಸಂಚಿಕೆಗೆ ಪುಟ ಇಟ್ಟಿರುತ್ತೇನೆ.